ಪಹಣಿ ಇಲ್ಲದ ರೈತರಿಗೆ ಚರ್ಚ್ ಏನು ಮಾಡುತ್ತೆ, ಎಲ್ಲಿಗೆ ನಿಲ್ಲುತ್ತೆ? ಸಾಗರ, ಹೊಸನಗರ, ತೀರ್ಥಹಳ್ಳಿ ಜನ ತಿಳಿದಿರಬೇಕಾದ ಮಾಹಿತಿ

ಸಾಗರ / ಹೊಸನಗರ / ತೀರ್ಥಹಳ್ಳಿ: ಈ ಮೂರೂ ತಾಲೂಕಿನಲ್ಲಿ ರೈತನ ಕಷ್ಟ ಕೇಳಿದರೆ ಮೊದಲು ಬರೋ ಮಾತು ಒಂದೇ. ತೋಟ ಇದೆ, ಪಹಣಿ ಇಲ್ಲ. ಅಪ್ಪನ ಕಾಲದಿಂದ ಸಾಗುವಳಿ ಮಾಡಿದ ಜಾಗ ದಾಖಲೆಯಲ್ಲಿ ಅರಣ್ಯ, ಗೋಮಾಳ, ಇಲ್ಲವೇ ಸೊಪ್ಪಿನಬೆಟ್ಟ ಅಂತ ಇರುತ್ತೆ. ಪಹಣಿ ಇಲ್ಲ ಅಂದ್ರೆ ಸೊಸೈಟಿಯಲ್ಲಿ ಬೆಳೆಸಾಲ ಇಲ್ಲ. 5 ಲಕ್ಷದವರೆಗೆ ಬಡ್ಡಿ ಇಲ್ಲದ ಸಾಲ ಅಂತ 2023ರಲ್ಲಿ ಸರ್ಕಾರ ಘೋಷಿಸಿದ್ದು ಇವರ ಪಾಲಿಗೆ ಪೇಪರ್‌ನಲ್ಲಿ ಓದೋ ಸುದ್ದಿ ಅಷ್ಟೇ. ಅಡಿಕೆ, ಕಾಳುಮೆಣಸಿನ ಬೆಳೆವಿಮೆ ಇಲ್ಲ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ದುಡ್ಡೂ ಇಲ್ಲ.

ಇಂಥ ಮನೆಗಳಿಗೆ ಕೈಸಾಲ ಎಲ್ಲಿಂದ ಬರುತ್ತೆ ಅಂತ ಹುಡುಕಿದರೆ ನಾಲ್ಕೈದು ದಾರಿ ಸಿಗುತ್ತೆ. ಪೇಟೆಯ ಅಂಗಡಿ ಉದ್ರಿ, ಅಡಿಕೆ ಮಂಡಿಯ ಮುಂಗಡ, ಫೈನಾನ್ಸ್‌ನವರು, ಧರ್ಮಸ್ಥಳ ಸಂಘ. ಇದರ ಜೊತೆಗೆ ಅಷ್ಟು ಸದ್ದು ಮಾಡದ ಇನ್ನೊಂದು ದಾರಿ ಇದೆ, ಚರ್ಚ್‌ಗಳ ಸಮಾಜಸೇವಾ ಸಂಸ್ಥೆಗಳು ಕಟ್ಟಿದ ಸ್ವಸಹಾಯ ಸಂಘಗಳು. "ಚರ್ಚ್‌ನವರು ದುಡ್ಡು ಕೊಡ್ತಾರಂತೆ" ಅನ್ನೋದು ಒಂದು ಮಾತು. "ಮತಾಂತರಕ್ಕೇ ಮಾಡೋದು" ಅನ್ನೋದು ಇನ್ನೊಂದು. ಎರಡೂ ಪೂರ್ತಿ ವಿಷಯ ಹೇಳಲ್ಲ. ಇಲ್ಲಿನ ಕ್ರೈಸ್ತರಲ್ಲಿ ಬಹಳ ಜನ ಸ್ವತಃ ಸಣ್ಣ ರೈತರು, ಕೂಲಿ ಮಾಡೋರು. ಪಹಣಿ ಸಮಸ್ಯೆ ಚರ್ಚ್‌ನ ಬೆಂಚಿನ ಮೇಲೂ ಕೂತಿದೆ. ಇದು ಗೊತ್ತಾಗದೆ ಉಳಿದದ್ದು ಅರ್ಥ ಆಗಲ್ಲ.

ಯಾರಿವರು, ಯಾವಾಗ ಬಂದರು?

ಘಟ್ಟದ ಮೇಲೆ ಕ್ರೈಸ್ತ ರೈತರು ಹೊಸಬರೇನಲ್ಲ. ಕೆಳದಿ, ಇಕ್ಕೇರಿ ಇರೋದು ಸಾಗರ ತಾಲೂಕಿನಲ್ಲಿ, ಕೊನೆಯ ರಾಜಧಾನಿ ಬಿದನೂರು, ಅಂದರೆ ಈಗಿನ ನಗರ, ಹೊಸನಗರ ತಾಲೂಕಿನಲ್ಲಿ. ಆ ನಾಯಕರ ರಾಜ್ಯ ಕರಾವಳಿಗೂ ಹಬ್ಬಿತ್ತು. ಗೋವಾ ಕಡೆಯಿಂದ ಇಳಿದು ಬಂದ ಕೊಂಕಣಿ ಕ್ರೈಸ್ತರು ಕರಾವಳಿಯಲ್ಲಿ ನೆಲೆ ನಿಂತು ಗದ್ದೆ ಮಾಡಿದ್ದು ಕೆಳದಿ ಅರಸರ ಕಾಲದಲ್ಲಿ. 17ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಕೆಳದಿಯವರು ಮಾಡಿಕೊಂಡ ಒಪ್ಪಂದಗಳಲ್ಲಿ ಅಕ್ಕಿ ವ್ಯಾಪಾರದ ಮಾತಿನ ಜೊತೆಗೆ ಹೊನ್ನಾವರ, ಮಿರ್ಜಾನ್‌ನಂಥ ಕಡೆ ಚರ್ಚ್ ಕಟ್ಟೋ ಅನುಮತಿಯೂ ಇತ್ತು. ಅರಸರಿಗೆ ಬೇಕಾಗಿದ್ದು ಉಳುಮೆ ಗೊತ್ತಿದ್ದ ಕೈ, ಬಂದವರಿಗೆ ಬೇಕಾಗಿದ್ದು ನೆಲ. ಅವರ ಮುಂದಿನ ತಲೆಮಾರುಗಳಲ್ಲಿ ಕೆಲವರು ಘಟ್ಟ ಹತ್ತಿ ತೋಟದ ಕೆಲಸಕ್ಕೆ, ವ್ಯಾಪಾರಕ್ಕೆ ಅಂತ ಮಲೆನಾಡಿಗೆ ಬಂದರು.

ಆಮೇಲೆ ಬಂದವರು ಕೇರಳದ ಸಿರಿಯನ್ ಕ್ರೈಸ್ತರು. 1960, 70ರ ದಶಕದಲ್ಲಿ ಅಲ್ಲಿ ಜಾಗ ಸಾಲದೆ ಇಲ್ಲಿಗೆ ಬಂದು ಜಮೀನು ಕೊಂಡು, ಕಾಡಂಚಿನಲ್ಲಿ ಸಾಗುವಳಿ ಮಾಡಿ, ರಬ್ಬರ್, ಮೆಣಸು, ಮರಗೆಣಸು ಹಾಕಿದರು. ರಿಪ್ಪನ್‌ಪೇಟೆ, ಹೊಸನಗರ ಕಡೆಯ ಅಂಗಡಿಯವರಿಗೆ ಈ ಗಿರಾಕಿಗಳು ಚೆನ್ನಾಗಿ ಗೊತ್ತು. (ಗದ್ದೆ ಲೀಸಿಗೆ ಹಿಡಿದು ಶುಂಠಿ ಹಾಕಿ ಎರಡು ವರ್ಷಕ್ಕೆ ಹೊರಟು ಹೋಗೋರು ಬೇರೆ, ಇವರು ಬೇರೆ. ಎರಡನ್ನೂ ಒಂದೇ ಮಾಡಿ ಬೈಯೋದು ಪೇಟೆಯಲ್ಲಿ ಮಾಮೂಲಿ.) ಇವರಲ್ಲದೆ ಶರಾವತಿ, ವಾರಾಹಿ ಯೋಜನೆಗಳ ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದ ಕೂಲಿ ಕುಟುಂಬಗಳೂ ಇವೆ.

ಚರ್ಚ್ ಆಡಳಿತವೂ ಇದೇ ರೀತಿ ಎರಡು ಕವಲು. ಮೂರೂ ತಾಲೂಕಿನ ರೋಮನ್ ಕ್ಯಾಥೊಲಿಕ್ ಚರ್ಚ್‌ಗಳು ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರುತ್ತವೆ. ಅದು 1988ರ ನವೆಂಬರ್ 14ರಂದು ಚಿಕ್ಕಮಗಳೂರಿನಿಂದ ಬೇರೆಯಾಯ್ತು. ಮಲಯಾಳಿ ಸಿರೊ ಮಲಬಾರ್ ಚರ್ಚ್‌ಗಳು ಮೊದಲು ಕೇರಳದ ಮಾನಂತವಾಡಿಯ ಕೆಳಗಿದ್ದವು. 2007ರಲ್ಲಿ ಭದ್ರಾವತಿ ಧರ್ಮಕ್ಷೇತ್ರ ಆದಮೇಲೆ ಅದಕ್ಕೆ ಬಂದವು. ಶಿವಮೊಗ್ಗದವರ ಸೇವಾ ವಿಭಾಗದ ಹೆಸರು ಶಿವಮೊಗ್ಗ ಮಲ್ಟಿಪರ್ಪಸ್ ಸೋಷಿಯಲ್ ಸರ್ವಿಸ್ ಸೊಸೈಟಿ, ಭದ್ರಾವತಿಯವರದ್ದು ಮಲ್ನಾಡ್ ಸೋಷಿಯಲ್ ಸರ್ವಿಸ್ ಸೊಸೈಟಿ. ರಾಜ್ಯ ಮಟ್ಟದಲ್ಲಿ ಇಂಥ ಸಂಸ್ಥೆಗಳನ್ನ ಜೋಡಿಸೋಕೆ ಬೆಂಗಳೂರಿನಲ್ಲಿ ಕ್ರಾಸ್ ಅನ್ನೋ ಸಂಸ್ಥೆ ಇದೆ, ದೇಶದ ಮಟ್ಟದಲ್ಲಿ 1962ರಲ್ಲಿ ಶುರುವಾದ ಕಾರಿತಾಸ್ ಇಂಡಿಯಾ. ಪ್ರಾಟೆಸ್ಟಂಟ್, ಆರ್ಥೊಡಾಕ್ಸ್, ಪೆಂಟೆಕೋಸ್ಟ್ ಸಭೆಗಳು ಇವುಗಳ ಲೆಕ್ಕಕ್ಕೆ ಬರೋದಿಲ್ಲ, ಅವುಗಳ ದಾರಿ ಬೇರೆ.

ಒಂದು ಮಾತು ಇಲ್ಲೇ ಹೇಳಬೇಕು. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ತಾಲೂಕು ಸಾಗರ. ಗೇಣಿದಾರರ ಪರ ನಿಲ್ಲೋದನ್ನ ಈ ಊರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆ ಹೋರಾಟ ದೀವರು ಮತ್ತು ಸಮಾಜವಾದಿಗಳದ್ದು. ಚರ್ಚ್ ಸಂಸ್ಥೆಗಳು ರೈತರ ವಿಷಯಕ್ಕೆ ಬಂದಿದ್ದು ಬಹಳ ತಡವಾಗಿ, ಅದೂ ಹೋರಾಟದ ದಾರಿಯಲ್ಲಿ ಅಲ್ಲ, ಉಳಿತಾಯದ ದಾರಿಯಲ್ಲಿ.

ಸಂಘದಲ್ಲಿ ನಡೆಯೋದು ಏನು?

"ಚರ್ಚ್ ದುಡ್ಡು ಕೊಡುತ್ತೆ" ಅನ್ನೋದು ತಪ್ಪು ಕಲ್ಪನೆ. ಸಂಘದ ದುಡ್ಡು ಹೆಂಗಸರದ್ದೇ. ಹತ್ತರಿಂದ ಇಪ್ಪತ್ತು ಜನ ಸೇರಿ ವಾರಕ್ಕೋ ತಿಂಗಳಿಗೋ ಇಷ್ಟು ಅಂತ ಕಟ್ಟುತ್ತಾರೆ. ಯಾರಿಗೆ ಸಾಲ, ಎಷ್ಟು, ಬಡ್ಡಿ ಎಷ್ಟು ಅನ್ನೋದನ್ನ ಅವರೇ ನಿರ್ಣಯ ಪುಸ್ತಕದಲ್ಲಿ ಬರೆಯುತ್ತಾರೆ. ಸಂಸ್ಥೆಯ ಕಡೆಯಿಂದ ಬರೋ ಕಾರ್ಯಕರ್ತೆ ಲೆಕ್ಕ ಬರೆಯೋದು ಕಲಿಸುತ್ತಾಳೆ, ಬ್ಯಾಂಕ್ ಖಾತೆ ಮಾಡಿಸುತ್ತಾಳೆ, ಜಗಳ ಆದರೆ ಬಂದು ಕೂತು ಬಗೆಹರಿಸುತ್ತಾಳೆ. ಸಂಘ ಆರು ತಿಂಗಳು ಸರಿಯಾಗಿ ನಡೆದರೆ ಬ್ಯಾಂಕಿನಿಂದ ಸಾಲಕ್ಕೆ ಅರ್ಹ. ನಬಾರ್ಡ್ 1992ರಲ್ಲಿ ಶುರು ಮಾಡಿದ ಸಂಘ–ಬ್ಯಾಂಕ್ ಜೋಡಣೆ ಅಂದರೆ ಇದೇ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಸಂಘಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳೋ ಹಾಗಿಲ್ಲ.

ಅಡಮಾನ ಇಲ್ಲ ಅಂದ್ರೆ ಪಹಣಿ ಬೇಡ. ಇಲ್ಲಿರೋ ವಿಷಯವೇ ಅದು. ಬಗರ್ ಹುಕುಂ ಜಮೀನಿನ ಗಂಡನಿಗೆ ಸೊಸೈಟಿಯಲ್ಲಿ ಸಿಗದ ದುಡ್ಡು ಹೆಂಡತಿಯ ಸಂಘದಲ್ಲಿ ಸಿಗುತ್ತೆ. ಮಳೆಗಾಲಕ್ಕೆ ಮೊದಲು ಮೈಲುತುತ್ತ, ಸುಣ್ಣ ತರಬೇಕು, ಔಷಧಿ ಹೊಡೆಯೋರಿಗೆ ಕೂಲಿ ಕೊಡಬೇಕು. ಜೂನ್‌ನಲ್ಲಿ ಶಾಲೆ ಫೀಸು. ಅಡಿಕೆ ದುಡ್ಡು ಬರೋದು ಕೊನೆ ಕೊಯ್ಲಾದ ಮೇಲೆ, ದೀಪಾವಳಿಯಿಂದ ಶಿವರಾತ್ರಿವರೆಗೆ. ನಡುವಿನ ನಾಲ್ಕೈದು ತಿಂಗಳು ಮನೆ ನಡೆಯೋದು ಸಾಲದ ಮೇಲೆ. ಕೊಳೆರೋಗ ಬಂದ ವರ್ಷ, ಈಗ ಎಲೆಚುಕ್ಕೆ ರೋಗ ಬಿದ್ದ ಹೊಸನಗರ, ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ, ಆ ಲೆಕ್ಕವೂ ತಪ್ಪುತ್ತೆ.

ಅಂಗಡಿಯವರಿಗೂ ಇದರಲ್ಲಿ ಪಾಲಿದೆ. ಸಂಘ ಸರಿಯಾಗಿ ನಡೆಯೋ ಊರಿನ ಗಿರಾಕಿ ಜುಲೈನ ಉದ್ರಿಯನ್ನ ಆಗಸ್ಟ್‌ನಲ್ಲಿ ಸ್ವಲ್ಪ ತೀರಿಸುತ್ತಾನೆ. ಸಂಘ ಮುರಿದ ಊರಲ್ಲಿ ಪುಸ್ತಕದ ಬಾಕಿ ಜನವರಿವರೆಗೆ ಎಳೆಯುತ್ತೆ, ಇಲ್ಲಾಂದ್ರೆ ಅದೇ ಮನೆ ಮೂರು ಫೈನಾನ್ಸ್‌ಗೆ ಕಂತು ಕಟ್ಟುತ್ತಾ ಇರುತ್ತೆ. ಫೈನಾನ್ಸ್‌ನವರ ಕಿರುಕುಳ ತಡೆಯೋಕೆ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಎಲ್ಲರಿಗೂ ನೆನಪಿರಬಹುದು.

ಸಂಘಕ್ಕೂ ತೊಂದರೆ ಇಲ್ಲ ಅಂತಲ್ಲ. ಒಬ್ಬಳೇ ಹೆಂಗಸು ನಾಲ್ಕು ಸಂಘದಲ್ಲಿ ಇರ್ತಾಳೆ, ಒಂದರಲ್ಲಿ ಎತ್ತಿ ಇನ್ನೊಂದಕ್ಕೆ ಕಟ್ಟುತ್ತಾಳೆ. ಇದು ಚರ್ಚ್ ಸಂಘ, ಧರ್ಮಸ್ಥಳ ಸಂಘ, ಸರ್ಕಾರಿ ಸಂಜೀವಿನಿ ಸಂಘ ಅಂತ ಭೇದ ಇಲ್ಲದೆ ಎಲ್ಲ ಕಡೆ ಇರೋ ರೋಗ. ಇನ್ನೊಂದು, ಫಾದರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತೆ. ಒಬ್ಬರಿಗೆ ರೈತರ ವಿಷಯದಲ್ಲಿ ಆಸಕ್ತಿ ಇರುತ್ತೆ, ಮುಂದೆ ಬಂದವರಿಗೆ ಶಾಲೆ ಕಟ್ಟಡದ ಚಿಂತೆ. ಹೀಗಾಗಿ ಫಾದರ್ ಮೇಲೆ ನಿಂತ ಸಂಘಕ್ಕಿಂತ ಪುಸ್ತಕ ಸರಿ ಇಟ್ಟ ಸಂಘ ಹೆಚ್ಚು ದಿನ ಬದುಕುತ್ತೆ.

ಸಂಘ ಬಿಟ್ಟರೆ ಧರ್ಮಕೇಂದ್ರದ ಮಟ್ಟದಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇರುತ್ತೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು. ಆಸ್ಪತ್ರೆ ಖರ್ಚು, ಹಾರಿಹೋದ ಹೆಂಚು, ಅಕ್ಕಿ, ಇಷ್ಟಕ್ಕೆ ಸಣ್ಣ ಸಹಾಯ. ಹೆಂಚಿನ ಮಾತು ಬಂತಲ್ಲ, ಮಲೆನಾಡಿನ ಮನೆಗಳ ಮೇಲಿರೋ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆ ಹಾಕಿದ್ದು ಬಾಸೆಲ್ ಮಿಷನ್‌ನವರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ. ಹುಲ್ಲು ಮಾಡು ತೆಗೆದು ಹೆಂಚು ಹಾಕಿದವರು ಯಾರೂ ಅದರ ಜಾತಕ ಕೇಳಲಿಲ್ಲ.

ವಿದೇಶಿ ದುಡ್ಡು ಬರುತ್ತಾ?

ಮೊದಲು ಬರ್ತಿತ್ತು. ಜರ್ಮನಿಯ ಬಿಷಪ್‌ಗಳು 1958ರಲ್ಲಿ ಶುರು ಮಾಡಿದ ಮಿಸೆರಿಯೊರ್‌ನಂಥ ಸಂಸ್ಥೆಗಳು ಭಾರತದ ಚರ್ಚ್ ಸೇವಾ ಸಂಸ್ಥೆಗಳ ನೀರಿಂಗಿಸೋ ಕೆಲಸ, ಸಂಘ ಕಟ್ಟೋ ಕೆಲಸಕ್ಕೆ ದುಡ್ಡು ಕೊಟ್ಟಿವೆ. 2020ರಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ತಿದ್ದುಪಡಿ ಆದಮೇಲೆ ಇದು ಬಿಗಿ ಆಯ್ತು. ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದೊಡ್ಡ ಪೆಟ್ಟು ಮೂರನೇದು. ಒಂದು ಸಂಸ್ಥೆ ಪಡೆದ ವಿದೇಶಿ ದುಡ್ಡನ್ನ ಇನ್ನೊಂದು ಸಂಸ್ಥೆಗೆ ಹಂಚೋ ಹಾಗಿಲ್ಲ. ದೊಡ್ಡ ಸಂಸ್ಥೆ ದೆಹಲಿಯಲ್ಲಿ ತಗೊಂಡು ಜಿಲ್ಲೆಯ ಸಣ್ಣ ಸಂಸ್ಥೆಗೆ ಕೊಡೋ ದಾರಿ ಅಲ್ಲಿಗೆ ಮುಚ್ಚಿತು.

ಹಳ್ಳಿ ಹಳ್ಳಿ ಸುತ್ತೋ ಕಾರ್ಯಕರ್ತೆಯ ಸಂಬಳ, ಬಸ್ ಚಾರ್ಜು ಎಲ್ಲ ಇಂಥ ಯೋಜನೆಗಳಿಂದಲೇ ಬರೋದು. ಮಲೆನಾಡಿನಲ್ಲಿ ಒಂದು ಸಂಘದಿಂದ ಇನ್ನೊಂದಕ್ಕೆ ಹೋಗೋಕೆ ಅರ್ಧ ದಿನ ಬೇಕು. ದುಡ್ಡು ಕಡಿಮೆ ಆದಾಗ ಮೊದಲು ನಿಲ್ಲೋದು ಆ ಓಡಾಟ. ಸಂಘದ ಉಳಿತಾಯಕ್ಕೆ ಏನೂ ಆಗಲ್ಲ, ಅದು ಹೆಂಗಸರ ಖಾತೆಯಲ್ಲೇ ಇರುತ್ತೆ. ಆದರೆ ಹೊಸ ಸಂಘ ಹುಟ್ಟೋದು ಕಷ್ಟ ಆಗುತ್ತೆ.

ಧರ್ಮ ಕೇಳ್ತಾರಾ?

ಎಲ್ಲರ ಬಾಯಲ್ಲೂ ಇರೋ ಪ್ರಶ್ನೆ ಇದು. ಸಂಘಕ್ಕೆ ಸೇರೋಕೆ ಧರ್ಮದ ಷರತ್ತಿಲ್ಲ. ಷರತ್ತು ಹಾಕಿದರೆ ಸಂಘ ನಡೆಯೋದೂ ಇಲ್ಲ, ಯಾಕಂದ್ರೆ ಈ ತಾಲೂಕುಗಳ ಹೆಚ್ಚಿನ ಹಳ್ಳಿಯಲ್ಲಿ ಇಪ್ಪತ್ತು ಕ್ರೈಸ್ತ ಮನೆಗಳೇ ಇಲ್ಲ. ಕಾನೂನೂ ಇದೆ. ಆಮಿಷ ಒಡ್ಡಿ ಮತಾಂತರ ಮಾಡಿದ ಆರೋಪದಲ್ಲಿ ಮೊಕದ್ದಮೆ ಎದುರಿಸಿದ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಸಿಗಲ್ಲ. ರಾಜ್ಯದಲ್ಲಿ 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಅದನ್ನ ವಾಪಸ್ ಪಡೆಯೋ ತೀರ್ಮಾನ ಸಂಪುಟದಲ್ಲಿ ಆಯ್ತು.

ಆದರೂ ಅನುಮಾನ ಹೋಗಿಲ್ಲ, ಅದಕ್ಕೆ ಕಾರಣವೂ ಇದೆ. ಊರಿಗೆ ಬರೋ ಎಲ್ಲ ಕ್ರೈಸ್ತ ಗುಂಪುಗಳೂ ಒಂದೇ ತರ ನಡೆದುಕೊಳ್ಳಲ್ಲ. ಸಂಘ ಕಟ್ಟೋ ಸಂಸ್ಥೆಯನ್ನೂ, ಪ್ರಾರ್ಥನೆಗೆ ಕರೆಯೋ ಸಭೆಯನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ನೋಡೋಕೆ ಸುಲಭದ ವಿಧಾನ ಅಂದರೆ ಪುಸ್ತಕ ನೋಡೋದು. ನೋಂದಣಿ ಇರೋ ಸಂಸ್ಥೆ, ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ, ವರ್ಷಕ್ಕೊಮ್ಮೆ ಆಡಿಟ್ ಇದ್ದರೆ ಅದು ಸಂಘ. ಇಲ್ಲದಿದ್ದರೆ ಯಾರ ಹೆಸರಿನದ್ದೇ ಆಗಲಿ ದುಡ್ಡು ಕಟ್ಟೋ ಮೊದಲು ಯೋಚನೆ ಮಾಡಿ.

ದಲಿತ ಕುಟುಂಬಗಳಿಗೆ ಇದರಲ್ಲಿ ಇನ್ನೊಂದು ಲೆಕ್ಕ ಇದೆ. ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ 1950ರ ಆದೇಶದ ಪ್ರಕಾರ ಎಸ್‌ಸಿ ಸ್ಥಾನ ಹೋಗುತ್ತೆ. ರಾಜ್ಯದಲ್ಲಿ ಅವರು ಪ್ರವರ್ಗ 1ಕ್ಕೆ ಬರುತ್ತಾರೆ, ಉಳಿದ ಕ್ರೈಸ್ತರು 3ಬಿ. ಜಮೀನು ಮಂಜೂರಾತಿ, ಬೋರ್‌ವೆಲ್ ಎಲ್ಲದರಲ್ಲೂ ಈ ವ್ಯತ್ಯಾಸ ಕೈಗೆ ತಾಗುತ್ತೆ. ಅಲ್ಪಸಂಖ್ಯಾತ ಸಣ್ಣ ರೈತರಿಗೆ ಗಂಗಾ ಕಲ್ಯಾಣ ಯೋಜನೆ ಇದೆ ಅನ್ನೋದು ನಿಜ. ಅರ್ಜಿ ಜೊತೆ ಪಹಣಿ ಕೇಳುತ್ತಾರೆ. ಮತ್ತೆ ಅದೇ ಬಾಗಿಲು.

ಜಮೀನಿನ ವಿಷಯದಲ್ಲಿ ಚರ್ಚ್ ಕೈಯಲ್ಲಿ ಏನಿದೆ?

ನೇರವಾಗಿ ಏನೂ ಇಲ್ಲ. ಬಗರ್ ಹುಕುಂ ನಮೂನೆ 50, 53, 57ರ ಅರ್ಜಿಗಳು ಶಾಸಕರ ಅಧ್ಯಕ್ಷತೆಯ ಸಮಿತಿ ಮುಂದೆ. ಜಾಗ ಅರಣ್ಯ ಅಂತ ಇದ್ದರೆ ಆ ಸಮಿತಿಗೂ ಅಧಿಕಾರ ಇಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ಲಿಂಗನಮಕ್ಕಿಗೆ ಮನೆ ಮಠ ಕಳಕೊಂಡವರ ಕಥೆಯೇ ಸಾಕು. ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಮುಳುಗಡೆ ಸಂತ್ರಸ್ತರ ಜಾಗವನ್ನ ಅರಣ್ಯದಿಂದ ಕೈಬಿಟ್ಟ ರಾಜ್ಯದ ಆದೇಶ 2021ರಲ್ಲಿ ಹೈಕೋರ್ಟ್‌ನಲ್ಲಿ ಬಿತ್ತು, ಕೇಂದ್ರದ ಒಪ್ಪಿಗೆ ಇರಲಿಲ್ಲ ಅಂತ. ಸಂತ್ರಸ್ತರಲ್ಲಿ ಎಲ್ಲ ಜಾತಿಯವರೂ ಇದ್ದಾರೆ.

ಉಳಿದಿರೋದು 2006ರ ಅರಣ್ಯ ಹಕ್ಕು ಕಾಯ್ದೆ. ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಉಳಿದವರು ಆ ದಿನಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದು ಕಾಡನ್ನ ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. 1930ರ ಕಾಗದ ಯಾರ ಮನೆಯಲ್ಲಿದೆ? 1965ರಲ್ಲಿ ಕೇರಳದಿಂದ ಬಂದ ಮನೆಗೆ ಈ ಬಾಗಿಲು ಇಲ್ಲವೇ ಇಲ್ಲ. 1964ರಲ್ಲಿ ಮುಳುಗಡೆಯಿಂದ ಎದ್ದು ಬಂದವರಿಗೂ ಹೊಸ ಜಾಗದಲ್ಲಿ ಹೆಚ್ಚು ಕಡಿಮೆ ಅದೇ ಕಥೆ.

ಹಳೇ ಕುಟುಂಬಗಳಿಗೆ ಮಾತ್ರ ಒಂದು ಸಣ್ಣ ಆಸರೆ ಇದೆ, ಬಹಳ ಜನ ಅದನ್ನ ನೋಡಿಲ್ಲ. ಕಾಯ್ದೆಯ ನಿಯಮ 13ರಲ್ಲಿ ಸಾಕ್ಷಿಯ ಪಟ್ಟಿ ಇದೆ. ಸರ್ಕಾರಿ ಕಾಗದ ಒಂದೇ ಅಲ್ಲ, ಹಳೇ ಬಾವಿ, ಸ್ಮಶಾನ, ಪೂಜಾ ಸ್ಥಳ, ಅರ್ಜಿದಾರ ಅಲ್ಲದ ಹಿರಿಯರ ಲಿಖಿತ ಹೇಳಿಕೆ ಕೂಡ ಅದರಲ್ಲಿವೆ. ಚರ್ಚ್‌ಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಯ ರಿಜಿಸ್ಟರ್ ಇಡೋ ಪದ್ಧತಿ ಇದೆ. ಅಜ್ಜ ಯಾವ ವರ್ಷ ಹುಟ್ಟಿದ, ಅಪ್ಪ ಅಮ್ಮ ಯಾರು ಅಂತ ಅದರಲ್ಲಿ ಸಿಗುತ್ತೆ. ಇದು ಪೂರಕ ಸಾಕ್ಷಿ ಅಷ್ಟೇ. ಕುಟುಂಬ ಈ ಭಾಗದಲ್ಲಿತ್ತು ಅನ್ನೋದನ್ನ ಹೇಳುತ್ತೆ, ಆ ಸರ್ವೆ ನಂಬರ್ ಮಾಡ್ತಿತ್ತು ಅನ್ನೋದನ್ನ ಹೇಳಲ್ಲ. ಆದರೂ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗೋದಕ್ಕಿಂತ ವಾಸಿ. ಅರ್ಜಿ ತಿರಸ್ಕಾರ ಆದರೆ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಸಾಗರ, ಹೊಸನಗರದವರಿಗೆ ಉಪವಿಭಾಗ ಸಮಿತಿ ಸಾಗರದಲ್ಲಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ.

ಕಸ್ತೂರಿರಂಗನ್ ವರದಿ: ಒಳಗೇ ಎರಡು ದನಿ

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡಿನಲ್ಲಿ ರಾಜ್ಯದ 20,668 ಚದರ ಕಿಲೋಮೀಟರ್ ಇದೆ, ಈ ಮೂರು ತಾಲೂಕಿನ ಹಳ್ಳಿಗಳೂ ಅದರಲ್ಲಿವೆ. 2013ರಲ್ಲಿ ಕೇರಳದ ಇಡುಕ್ಕಿ, ತಾಮರಶ್ಶೇರಿ ಕಡೆ ಬಿಷಪ್‌ಗಳೇ ಮುಂದೆ ನಿಂತು ಈ ವರದಿ ವಿರೋಧಿಸಿದರು. ಅಲ್ಲಿ ಚರ್ಚ್ ಅಂದರೆ ವಲಸೆ ರೈತರ ಸಂಘಟನೆ ಅನ್ನೋ ಮಟ್ಟಿಗೆ ಅದು ದೊಡ್ಡದು. ಇಲ್ಲಿ ಹಾಗಿಲ್ಲ. ಕ್ರೈಸ್ತರ ಸಂಖ್ಯೆ ಕಡಿಮೆ, ಮಲೆನಾಡಿನ ರೈತ ಸಂಘಟನೆಗಳ ವಿರೋಧದಲ್ಲಿ ಅವರ ದನಿ ಹತ್ತರಲ್ಲಿ ಒಂದು.

ಅದೂ ಅಲ್ಲದೆ ಚರ್ಚ್‌ನ ಉಪದೇಶ ಬೇರೆ ಕಡೆ ಎಳೆಯುತ್ತೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಲೌದಾತೊ ಸೀ ಅನ್ನೋ ವಿಶ್ವಪತ್ರ ಪೂರ್ತಿ ಪರಿಸರದ ಬಗ್ಗೆಯೇ. ಕಾಡು, ನೀರು, ಬಡವ ಮೂರೂ ಒಂದೇ ಸಂಕಟ ಅಂತ ಅದರ ವಾದ. ಭಾನುವಾರ ಅದರ ಮೇಲೆ ಪ್ರಸಂಗ ಕೇಳಿದವನು ಸೋಮವಾರ ಅರಣ್ಯ ಇಲಾಖೆ ನೋಟಿಸ್ ಹಿಡಿದು ಅದೇ ಫಾದರ್ ಹತ್ತಿರ ಬರ್ತಾನೆ. ಅವನಿಗೆ ಕಾಡು ಬೇಡ ಅಂತಲ್ಲ, ತೋಟಕ್ಕೆ ಸೊಪ್ಪು ನೀರು ಬರೋದೇ ಅಲ್ಲಿಂದ. ಅವನ ಭಯ ಒಂದೇ, ಇರೋ ಎರಡು ಎಕರೆ ಹೋದರೆ? ಈ ಗೊಂದಲವನ್ನ ಚರ್ಚ್ ಬಿಡಿಸಿಲ್ಲ. ನಿಜ ಹೇಳಬೇಕೆಂದರೆ ಸರ್ಕಾರಗಳೂ ಬಿಡಿಸಿಲ್ಲ.

ಕರಡಿನಲ್ಲಿ ಇರೋದು ಏನು ಅನ್ನೋದನ್ನ ಓದಿದವರು ಕಡಿಮೆ. ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು, ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ, ಇವಕ್ಕೆ ನಿಷೇಧ. ಕೃಷಿಗೆ, ಜಮೀನು ಮಾರಾಟಕ್ಕೆ ನಿಷೇಧ ಇಲ್ಲ. ಆದರೆ ಪಹಣಿಯೇ ಇಲ್ಲದವನಿಗೆ ಈ ಭರವಸೆಯಿಂದ ಸಮಾಧಾನ ಆಗಲ್ಲ. ಅವನು ದಾಖಲೆಯಲ್ಲಿ ರೈತನೇ ಅಲ್ಲ, ಒತ್ತುವರಿದಾರ.

ಆರನೇ ಕರಡು ಬಂದಿದ್ದು 2024ರ ಜುಲೈ 31ಕ್ಕೆ. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನ ತಿರಸ್ಕರಿಸಿತು. ಪ್ರತಿ ಕರಡು ಬಂದಾಗ ಆಕ್ಷೇಪಣೆಗೆ 60 ದಿನ ಇರುತ್ತೆ. ಆಕ್ಷೇಪಣೆ ಗ್ರಾಮ ಪಂಚಾಯ್ತಿ ನಿರ್ಣಯದ ಮೂಲಕ ಹೋದರೆ ತೂಕ ಹೆಚ್ಚು, ವೈಯಕ್ತಿಕವಾಗಿಯೂ ಕಳಿಸಬಹುದು. ಪಂಚಾಯ್ತಿ ಸಭೆಗೆ ಮೊದಲೇ ಜನ ಸೇರಿ ಓದಿಕೊಳ್ಳೋಕೆ ಒಂದು ಜಾಗ ಬೇಕು. ಸಂಘ ನಡೆಯೋ ಊರಿನಲ್ಲಿ ಆ ಜಾಗ ಈಗಾಗಲೇ ಇದೆ, ಅಲ್ಲಿ ಬರೆಯೋಕೆ ಬರೋ ಇಬ್ಬರು ಹೆಂಗಸರೂ ಇದ್ದಾರೆ.